ಇಟಲಿಯ ಕಣಜ

ಹೋದ ವಾರ ಹೊಸೂರಿನ ಪೆಟ್ರೋಲ್ ಬಂಕಿನಲ್ಲಿ ಒಬ್ಬಾತ ನನ್ನ ಸ್ಕೂಟರಿಗೆ ಎರಡು ಪ್ರದಕ್ಷಿಣೆ ಹಾಕಿದ. ಮೂವತ್ತರ ಆಸುಪಾಸಿನವನು, ಕುತ್ತಿಗೆಯಲ್ಲಿ ಯಾವುದೋ ಕಂಪನಿಯ ಕಾರ್ಡು. "ಆಂಟಿ, ವೆಸ್ಪಾ! ವಿಂಟೇಜ್! ಅಂಕಲ್‌ದಾ?" ಅಂದ. ನನಗೆ ಪಿತ್ತ ನೆತ್ತಿಗೇರಿತು. "ಅಂಕಲ್‌ಗೆ ಸೈಕಲ್ಲೂ ನೆಟ್ಟಗೆ ಬರಲ್ಲ ಕಣಪ್ಪ. ಇದು ನಂದು" ಅಂದೆ. ಪಾಪ, ಅವನು ಸಾರಿ ಕೇಳಿ, ಒಂದು ಫೋಟೊ ತೆಗೆದುಕೊಳ್ಳಲೇ ಅಂದ. ಬೈದಿದ್ದಕ್ಕೆ ನನಗೇ ಬೇಜಾರಾಗಿ, ಎರಡು ತೆಗೆದುಕೋ ಅಂದೆ.

ಈಗ ಇಟಲಿ ಸ್ಕೂಟರು ಅಂದರೆ ದೊಡ್ಡ ಷೋಕಿ. ಬೆಂಗಳೂರಿನಲ್ಲಿ ಕಾಫಿ ಅಂಗಡಿಗಳ ಗೋಡೆಗೆಲ್ಲ ಅದರ ಚಿತ್ರ ಹಾಕಿರುತ್ತಾರಂತೆ. ಹಳೆಯದನ್ನು ಹುಡುಕಿ ಹುಡುಕಿ ತಂದು, ಮದುಮಗಳಿಗೆ ಬಳಿದ ಹಾಗೆ ಬಣ್ಣ ಬಳಿದು, ಭಾನುವಾರ ಮಾತ್ರ ಹೊರಗೆ ತೆಗೆಯುವವರೂ ಇದ್ದಾರೆ. ತೆಗೆಯಲಿ, ಬೇಡ ಅನ್ನಲು ನಾನ್ಯಾರು? ನನ್ನದು ಮಾತ್ರ ವಾರವೆಲ್ಲ ದುಡಿದದ್ದು.

ಅದರ ಹುಟ್ಟಿನ ಕಥೆಯನ್ನು ನನಗೆ ಫೋನಿನಲ್ಲಿ ಓದಿ ಹೇಳಿದವಳು ನನ್ನ ಮಗಳು. ದೊಡ್ಡ ಯುದ್ಧ ಮುಗಿದಾಗ ಇಟಲಿಯಲ್ಲಿ ಒಂದು ವಿಮಾನದ ಫ್ಯಾಕ್ಟರಿ ಬಾಂಬು ಬಿದ್ದು ಹಾಳಾಗಿತ್ತಂತೆ. ಇನ್ನು ವಿಮಾನ ಮಾಡುವ ಹಾಗಿಲ್ಲ, ಕೆಲಸಗಾರರನ್ನು ಮನೆಗೆ ಕಳಿಸುವ ಹಾಗಿಲ್ಲ. ಜನರಿಗೆ ಕಾರು ಕೊಳ್ಳುವ ತಾಕತ್ತಿಲ್ಲ, ರಸ್ತೆಯೆಲ್ಲ ಗುಂಡಿ. ಮಾಲೀಕ ತನ್ನ ವಿಮಾನದ ಇಂಜಿನಿಯರನ್ನು ಕರೆದು, ಸಾಮಾನ್ಯ ಜನ ಓಡಿಸುವಂಥದ್ದು ಏನಾದರೂ ಮಾಡು ಅಂದನಂತೆ. ಆ ಇಂಜಿನಿಯರಿಗೋ, ಮೋಟಾರ್ ಸೈಕಲ್ ಕಂಡರೆ ಆಗದು. ಚೈನಿನ ಎಣ್ಣೆ ಬಟ್ಟೆಗೆ ಮೆತ್ತುತ್ತದೆ, ಹತ್ತಬೇಕಾದರೆ ಕಾಲೆತ್ತಿ ಆಚೆ ಹಾಕಬೇಕು, ಪಂಕ್ಚರಾದರೆ ಚಕ್ರ ಬಿಚ್ಚುವುದು ಪ್ರಾಣಸಂಕಟ. ಹಾಗಾಗಿ ಆತ ಇಂಜಿನ್ನನ್ನು ತಗಡಿನೊಳಗೆ ಬಚ್ಚಿಟ್ಟ. ಗೇರನ್ನು ಕೈಗೆ ಕೊಟ್ಟ. ಕೆಸರು ಹಾರದಂತೆ ಮುಂದೊಂದು ಗುರಾಣಿ ನಿಲ್ಲಿಸಿದ. ಚಕ್ರವನ್ನು ವಿಮಾನದ ಚಕ್ರದ ಹಾಗೆ ಒಂದೇ ಕಡೆಯಿಂದ ಹಿಡಿಸಿದ. ಕಾಲಿಡಲು ಚಪ್ಪಟೆ ಜಾಗ ಬಿಟ್ಟ. ಲಂಗ ತೊಟ್ಟ ಹೆಂಗಸರೂ ಉದ್ದ ನಿಲುವಂಗಿಯ ಪಾದ್ರಿಗಳೂ ಕುರ್ಚಿಯ ಮೇಲೆ ಕೂತ ಹಾಗೆ ಕೂತು ಹೋಗತೊಡಗಿದರಂತೆ.

ಸೀರೆ ಅನ್ನುವುದೊಂದು ಇದೆ ಅಂತ ಆತನಿಗೆ ಗೊತ್ತಿತ್ತೋ ಇಲ್ಲವೋ. ಆದರೆ ಆ ಪುಣ್ಯಾತ್ಮನಿಗೆ ನಾನು ಮನಸ್ಸಿನಲ್ಲೇ ಎಷ್ಟು ಸಲ ಕೈ ಮುಗಿದಿದ್ದೇನೆ ಅಂದರೆ, ನಮ್ಮೂರ ದೇವರಿಗೆ ತಿಳಿದರೆ ಹೊಟ್ಟೆ ಉರಿದುಕೊಂಡಾನು. ಆ ಚಪ್ಪಟೆ ಜಾಗ ಇರದಿದ್ದರೆ ನನ್ನ ಬದುಕು ಬೇರೆಯೇ ಇರುತ್ತಿತ್ತು.

ನಮ್ಮೂರು ಗಡಿಯ ಈಚೆ, ತಮಿಳುನಾಡಿನ ಬೇರಿಕೆಗೂ ಸೂಳಗಿರಿಗೂ ನಡುವೆ, ದೊಡ್ಡ ರಸ್ತೆಯಿಂದ ಎಂಟು ಕಿಲೋಮೀಟರ್ ಒಳಗೆ. ಅಮ್ಮ ನಾನು ಚಿಕ್ಕವಳಿದ್ದಾಗಲೇ ತೀರಿಕೊಂಡಿದ್ದಳು. ಸಾಕಿದ್ದು ಅಪ್ಪನ ತಾಯಿ, ನಮ್ಮಜ್ಜಿ. ಅಪ್ಪ ಹೊಸೂರಿನ ಲಾರಿ ಫ್ಯಾಕ್ಟರಿಯಲ್ಲಿ ಫಿಟ್ಟರ್. ಅಪ್ಪನ ತಮ್ಮ, ನಮ್ಮ ಚಿಕ್ಕಪ್ಪ, ಟೊಮೇಟೊ, ರಾಗಿ ನೋಡಿಕೊಳ್ಳುತ್ತಿದ್ದ. ಮನೆಯಲ್ಲಿ ನಾಲ್ಕೇ ಜನ, ಯಜಮಾನಿಕೆ ಮಾತ್ರ ಪೂರಾ ಅಜ್ಜಿಯದು.

ನಾನು ಹೈಸ್ಕೂಲಿನಲ್ಲಿದ್ದಾಗ, ಫ್ಯಾಕ್ಟರಿಯ ಸಾಹೇಬರೊಬ್ಬರಿಗೆ ಬೇರೆ ಊರಿಗೆ ವರ್ಗವಾಗಿ ಅವರ ವೆಸ್ಪಾ ಅಪ್ಪನಿಗೆ ಬಂತು. ಇಟಲಿಯವರ ಜೊತೆ ಒಪ್ಪಂದ ಮಾಡಿಕೊಂಡು ನಮ್ಮ ದೇಶದಲ್ಲೇ ತಯಾರಿಸಿದ್ದು. ಆಗಿನ ಕಾಲಕ್ಕೆ ಸ್ಕೂಟರ್ ಅಂದರೆ ಬುಕ್ ಮಾಡಿ ವರ್ಷಗಟ್ಟಲೆ ಕಾಯುವ ಸಾಮಾನು. ಗಂಡಿನ ಕಡೆಯವರು ಮೊದಲು ಕೇಳುತ್ತಿದ್ದದ್ದೇ ಅದು. ಗಂಡ, ಹೆಂಡತಿ, ಮುಂದೆ ನಿಂತ ಮಗು, ನಡುವೆ ತುರುಕಿದ ಇನ್ನೊಂದು ಮಗು, ಕಾಲ ಬಳಿ ಗ್ಯಾಸ್ ಸಿಲಿಂಡರ್, ಇಷ್ಟೂ ಒಂದೇ ಸ್ಕೂಟರಿನಲ್ಲಿ ಹೋಗುವುದನ್ನು ಹೊಸೂರಿನಲ್ಲಿ ದಿನಾ ನೋಡಬಹುದಿತ್ತು. ಅಂಥದ್ದೊಂದು ನಮ್ಮಂಗಳಕ್ಕೆ ಬಂದು ನಿಂತಾಗ ಅರ್ಧ ಊರು ಬಂದು ನೋಡಿತು. ಅಜ್ಜಿ ಒಬ್ಬಳೇ ಮುಖ ತಿರುಗಿಸಿದಳು.

"ಹೊಟ್ಟೆಗೆ ಹಿಟ್ಟಿಲ್ದಿದ್ರೂ ಜುಟ್ಟಿಗೆ ಮಲ್ಲಿಗೆ ಹೂವಂತೆ! ಸೈಕಲ್ ಇರ್ಲಿಲ್ವೇನ್ಲಾ ನಿಂಗೆ? ಇದೇನ್ಲಾ ಇದು, ಹೊಟ್ಟೆ ಊದ್ಕೊಂಡೈತೆ?"

ಅಪ್ಪನಿಗೆ ಅವಳನ್ನು ಒಲಿಸಿಕೊಳ್ಳುವ ಆಸೆ. ವೆಸ್ಪಾದ ಹಿಂಭಾಗ ದಪ್ಪ, ನಡು ಸಣ್ಣ, ಸದ್ದು ಗುಂಯ್ಯೆನ್ನುವುದು. ಅದಕ್ಕೇ ಇಟಲಿಯವರು ಅದಕ್ಕೆ ತಮ್ಮ ಭಾಷೆಯಲ್ಲಿ ಆ ಕಚ್ಚುವ ಹಳದಿ ಹುಳದ ಹೆಸರಿಟ್ಟಿದ್ದರು. ಅಪ್ಪನ ಫೋರ್ಮನ್ ತಮಿಳರು, ಅವರು ಅಪ್ಪನಿಗೆ ಹಾಗಂತ ಹೇಳಿದ್ದರು. "ಅದ್ರ ಹೆಸ್ರಿಗೂ ಒಂದ್ ಅರ್ಥ ಐತಂತೆ ಅವ್ವಾ. ತಮಿಳ್ನಾಗೆ ಕುಳವಿ ಅಂತಾರಂತೆ" ಅಂದ ಅಪ್ಪ.

"ಹಂಗಂದ್ರೆ ಏನ್ಲಾ?"

"ನಮ್ ಮಾತ್ನಾಗೆ ಕಣಜ ಕಣವ್ವಾ."

ನಮ್ಮ ಕಡೆ ಕಚ್ಚುವ ಹುಳಕ್ಕೂ ಕಣಜ ಅನ್ನುತ್ತಾರೆ, ರಾಗಿ ತುಂಬಿಡುವುದಕ್ಕೂ ಕಣಜ ಅನ್ನುತ್ತಾರೆ. ಅಪ್ಪ ಹೇಳಿದ್ದು ಹುಳ, ಅಜ್ಜಿ ಕೇಳಿಸಿಕೊಂಡದ್ದು ರಾಗಿ. ನಮ್ಮ ಗಡಿಯಲ್ಲಿ ಎಲ್ಲರಿಗೂ ಬರುವ ತೆಲುಗಿನಲ್ಲಿ ಕಂದಿರೀಗ ಅಂದಿದ್ದರೆ ಅವಳಿಗೆ ತಕ್ಷಣ ಗೊತ್ತಾಗುತ್ತಿತ್ತು. ನನ್ನ ಪುಣ್ಯ, ಅಪ್ಪ ತೆಲುಗಿಗೆ ಹೋಗಲಿಲ್ಲ. ಅಜ್ಜಿಯ ಮುಖ ನೋಡನೋಡುತ್ತ ಅರಳಿತು.

"ಕಣಜಾನಾ? ಅಯ್ಯೋ ನನ್ ಕಂದಾ, ಮೊದ್ಲೇ ಹೇಳ್ಬಾರ್ದೇನ್ಲಾ!" ಅಂದವಳೇ ಒಳಗೆ ಹೋಗಿ ಅರಿಶಿನ ಕುಂಕುಮ ತಂದಳು. ಸ್ಕೂಟರಿನ ಹಣೆಗೆ ಹಚ್ಚಿದಳು. ಮುಂದಿನ ಡಿಕ್ಕಿಯ ಬಾಗಿಲು ತೆಗೆಸಿ ಒಂದು ಹಿಡಿ ರಾಗಿ ಸುರಿದಳು. ಕಣಜ ಯಾವತ್ತೂ ಬರಿದಾಗಬಾರದು, ಅದು ಅವಳ ನೇಮ. ಚಿಕ್ಕಪ್ಪ ನಗು ತಡೆಯಲಾರದೆ ಕೊಟ್ಟಿಗೆಗೆ ಓಡಿದ. ಅಪ್ಪ ನನ್ನನ್ನು ನೋಡಿ ಮೆಲ್ಲಗೆ, "ಬುಡು, ಅವ್ವ ಖುಷಿಯಾಗವ್ಳೆ" ಅಂದ.

ಹಾಗೆ ಬಿಟ್ಟದ್ದು ನಾಲ್ಕು ವರ್ಷ ನಡೆಯಿತು. ಪ್ರತಿ ಶುಕ್ರವಾರ ಅಜ್ಜಿ ಸ್ಕೂಟರ್ ತೊಳೆಸಿ ಪೂಜೆ ಮಾಡುವಳು, ಡಿಕ್ಕಿಗೆ ಹೊಸ ರಾಗಿ ಹಾಕುವಳು. ಒಂದು ಮಳೆಗಾಲದಲ್ಲಿ ಒಳಗೆ ನೀರಿಳಿದು ರಾಗಿ ಮೊಳಕೆಯೊಡೆದಿತ್ತು. ಅಪ್ಪ ಫ್ಯಾಕ್ಟರಿಯಲ್ಲಿ ಸ್ಪ್ಯಾನರ್ ತೆಗೆಯಲು ಡಿಕ್ಕಿ ತೆರೆದರೆ ಹಸಿರು ಪೈರು! ಇಡೀ ಪಾಳಿಯವರು ಬಂದು ನೋಡಿ ನಕ್ಕರಂತೆ. ಅಜ್ಜಿಗೆ ಹೇಳಿದರೆ, "ನಗ್ಲಿ ಬುಡ್ಲಾ. ಅವ್ರ ಗಾಡೀಲಿ ಏನಾನ ಬೆಳೆದೈತಾ?" ಅಂದಳು.

ಹನ್ನೆರಡನೇ ಕ್ಲಾಸ್ ಮುಗಿದ ಮೇಲೆ ನನಗೆ ಹೊಸೂರಿನ ಒಂದು ಗಡಿಯಾರದ ಫ್ಯಾಕ್ಟರಿಯಲ್ಲಿ ಕೆಲಸ ಸಿಕ್ಕಿತು. ಸಿಕ್ಕಿತು ಅಂದರೆ, ಆರು ತಿಂಗಳ ತರಬೇತಿ. ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು, ಇರುವೆ ಕಾಲಿನಷ್ಟು ಸಣ್ಣ ಮೊಳೆಗಳನ್ನು ಚಿಮುಟದಲ್ಲಿ ಹಿಡಿದು ಕೂರಿಸುವ ಕೆಲಸ. ನನ್ನ ಕೈ ನಡುಗುತ್ತಿರಲಿಲ್ಲ. ಮೇಲ್ವಿಚಾರಕಿ ಮೆಚ್ಚಿಕೊಂಡಿದ್ದರು. ಆದರೆ ಗಡಿಯಾರ ಮಾಡುವವರಿಗೆ ತಡವಾಗಿ ಬರುವವರನ್ನು ಕಂಡರೆ ಆಗುತ್ತದೆಯೇ? ತರಬೇತಿಯಲ್ಲಿ ಮೂರು ಸಲ ತಡವಾದರೆ ಮನೆಗೆ, ಅದು ನಿಯಮ. ಪಾಳಿ ಬೆಳಿಗ್ಗೆ ಏಳಕ್ಕೆ. ಕಂಪನಿ ಬಸ್ಸು ಸೂಳಗಿರಿಗೆ ಆರಕ್ಕೆ ಬರುವುದು. ನಮ್ಮೂರಿನ ಮೊದಲ ಬಸ್ಸು ಹೊರಡುವುದೇ ಏಳೂವರೆಗೆ. ಅಪ್ಪನ ಪಾಳಿ ಮಧ್ಯಾಹ್ನದ್ದು, ಆದರೂ ದಿನಾ ಅವನೇ ವೆಸ್ಪಾದಲ್ಲಿ ಸೂಳಗಿರಿಗೆ ಬಿಡುತ್ತಿದ್ದ. ಒಂದು ಸಲ ಮಳೆ, ಒಂದು ಸಲ ಪಂಕ್ಚರು, ಎರಡು ಗುರುತು ಆಗಲೇ ಬಿದ್ದಿದ್ದವು. ಇನ್ನೊಂದು ಬಿದ್ದರೆ ಮುಗಿಯಿತು.

ಐದನೇ ತಿಂಗಳಲ್ಲಿ, ಒಂದು ಗುರುವಾರ ಸಂಜೆ ಅಪ್ಪ ಬಾವಿಯ ಮೆಟ್ಟಿಲಲ್ಲಿ ಜಾರಿ ಕಾಲು ಮುರಿದುಕೊಂಡ. ಒಂದು ತಿಂಗಳು ಮಂಚ ಬಿಟ್ಟು ಏಳಬಾರದು ಅಂದರು ಡಾಕ್ಟರು. ಬಸ್ಸಿನಲ್ಲಿ ಬರುವ ಗೆಳತಿಗೆ ಹೇಳಿಕಳಿಸಿ ಎರಡು ದಿನದ ರಜೆ ಪಡೆದೆ. ಸೋಮವಾರ ಹೋಗಲೇಬೇಕಿತ್ತು. ನನಗೆ ಅಪ್ಪನ ಕಾಲಿನ ಚಿಂತೆಗಿಂತ ಸೋಮವಾರದ ಚಿಂತೆಯೇ ಹೆಚ್ಚಾಗಿತ್ತು. ಇದನ್ನು ಬರೆಯಲು ಈಗಲೂ ನಾಚಿಕೆಯಾಗುತ್ತದೆ.

ಚಿಕ್ಕಪ್ಪ ಶುಕ್ರವಾರ ಬೆಳಿಗ್ಗೆ ಸ್ಕೂಟರಿನ ಬೀಗದ ಕೈ ತೆಗೆದು ತನ್ನ ಜೇಬಿಗೆ ಹಾಕಿಕೊಂಡ. ಕೆಟ್ಟವನಲ್ಲ ಅವನು. ಟೊಮೇಟೊ ಬುಟ್ಟಿಗಳನ್ನು ಬೇರಿಕೆ ಸಂತೆಗೆ ಸಾಗಿಸಬೇಕಿತ್ತು, ಅಣ್ಣ ಮಲಗಿದ್ದ, ಗಾಡಿ ಖಾಲಿ ನಿಂತಿತ್ತು. ನನ್ನನ್ನು ದಿನಾ ಬಿಟ್ಟು ಬಾ ಅಂದರೆ, ಬೆಳಿಗ್ಗೆ ತೋಟಕ್ಕೆ ನೀರು ಬಿಡೋರು ಯಾರು ಅಂದ. ಅದೂ ನಿಜವೇ. ಹಾಗಾದರೆ ನಾನೇ ಕಲಿತು ಓಡಿಸುತ್ತೇನೆ ಅಂದೆ. ಅವನು ನಕ್ಕುಬಿಟ್ಟ.

"ಹೆಣ್ಣುಡ್ಗಿ ಸ್ಕೂಟರ್ ಓಡಿಸ್ಕೊಂಡು ಸೂಳಗಿರಿಗೆ ಹೋಗಾದಾ? ಊರೋರು ಏನಂತಾರೆ? ಸಾಕ್ ಬುಡಮ್ಮಿ. ರಾಯಕೋಟೆ ಗಂಡಿನೋರು ಎರಡ್ ಸಲ ಹೇಳಿ ಕಳ್ಸವ್ರೆ. ಬರ ಹೇಳ್ತೀನಿ."

ನಾನು ಅಪ್ಪನ ಕಡೆ ನೋಡಿದೆ. ಅಪ್ಪ ಸೂರು ನೋಡಿದ. "ನೋಡಾನ, ಅವಳ ಇಷ್ಟನೂ ಕೇಳ್ಬೇಕು, ನೀನು ಹೇಳಾದೂ ಸರಿನೇ" ಅಂತ ಅಡ್ಡಗೋಡೆಯ ಮೇಲೆ ದೀಪ ಇಟ್ಟ. ನನಗೆ ಅಳು ಬಂತು. ರಾಯಕೋಟೆ ಗಂಡಿನ ಮೇಲೆ ನನಗೇನೂ ಸಿಟ್ಟಿರಲಿಲ್ಲ. ಆ ಮೇಜು, ಆ ದೀಪ, ನನ್ನ ಕೈಯಲ್ಲಿ ಟಿಕ್ ಅಂತ ಜೀವ ಬರುವ ಆ ಯಂತ್ರ, ಅದನ್ನು ಬಿಡಬೇಕಲ್ಲ ಅನ್ನುವುದೇ ಸಂಕಟ.

ಅಷ್ಟರಲ್ಲಿ ಅಜ್ಜಿ ಪೂಜೆಯ ತಟ್ಟೆ ಹಿಡಿದು ಬಂದಳು. ಶುಕ್ರವಾರವಲ್ಲವೇ. ತಟ್ಟೆ ಕೆಳಗಿಟ್ಟು ಚಿಕ್ಕಪ್ಪನ ಮುಂದೆ ಕೈ ಚಾಚಿದಳು. "ಬೀಗದ್ ಕೈ ಇತ್ಲಾಗ್ ಕೊಡ್ಲಾ."

"ಯಾಕವ್ವಾ?"

"ನಮ್ ಮನೇಲಿ ಕಣಜಕ್ಕೆ ಗಂಡಸು ಕೈ ಹಾಕಿದ್ದು ಯಾವತ್ತಾನ ನೋಡಿದ್ದೀಯೇನ್ಲಾ?"

ಹೌದು, ನಮ್ಮ ಮನೆಯ ಪದ್ಧತಿ ಹಾಗಿತ್ತು. ನಡುಮನೆಯಲ್ಲಿ ಬಿದಿರು ಹೆಣೆದು ಸಗಣಿ ಸಾರಿಸಿದ ರಾಗಿ ಕಣಜ. ಗಂಡಸರು ಮೂಟೆ ಹೊತ್ತು ತಂದು ತುಂಬಬೇಕು, ಅಷ್ಟೇ. ಒಂದು ಸೇರು ತೆಗೆಯಬೇಕಾದರೂ ಹೆಂಗಸರೇ ತೆಗೆಯಬೇಕು. ಎಂಥ ಹಸಿವಾದರೂ ಗಂಡಸು ಅದರ ಬಾಯಿಗೆ ಕೈ ಹಾಕುವಂತಿಲ್ಲ.

"ತುಂಬಾದು ನಿಮ್ ಕೆಲ್ಸ, ತೆಗ್ಯಾದು ನಮ್ ಕೆಲ್ಸ. ನಿಮ್ಮಣ್ಣ ಮನೆಗೆ ತಂದ, ಅಲ್ಗೆ ಮುಗೀತು. ಇನ್ಮ್ಯಾಕೆ ಅದು ಮನೆ ಹೆಣ್ಮಗಳದು" ಅಂದಳು ಅಜ್ಜಿ.

ಚಿಕ್ಕಪ್ಪ ತಲೆ ಚಚ್ಚಿಕೊಂಡ. "ಅಯ್ಯೋ ಅವ್ವಾ! ಅದು ರಾಗಿ ಕಣಜ ಅಲ್ಲ ಕಣವ್ವಾ! ಹುಳ! ಕಚ್ಚಾ ಹುಳ! ಅಣ್ಣ ನಿಂಗೆ ಸರಿಯಾಗಿ ಹೇಳ್ನೇ ಇಲ್ಲ!"

ಅಜ್ಜಿ ಅಪ್ಪನನ್ನು ನೋಡಿದಳು, ಅಪ್ಪ ಮತ್ತೆ ಸೂರು ನೋಡಿದ. ಮುಗಿಯಿತು ನನ್ನ ಕಥೆ ಅಂದುಕೊಂಡೆ.

"ನಾಕ್ ವರ್ಸದಿಂದ ಅರಿಶ್ನ ಹಚ್ತಾ ಇವ್ನಿ" ಅಂದಳು ಅಜ್ಜಿ, ದನಿ ಏರಿಸದೆ. "ಅವಾಗೆಲ್ಲ ನಿನ್ ಬಾಯ್ಗೆ ಯಾರಾನ ಕಡುಬು ತುರುಕಿದ್ರೇನ್ಲಾ? ಹುಳಕ್ಕೆ ಯಾವಳಾನ ಕುಂಕ್ಮ ಇಡ್ತಾಳಾ? ನಾನ್ ಇಟ್ಟೀವ್ನಿ. ಪೂಜೆ ಆದ್ ಮ್ಯಾಕೆ ಅದು ಕಣಜನೇಯಾ. ಕೊಡ್ಲಾ."

ಚಿಕ್ಕಪ್ಪ ಕೊಟ್ಟ. ಕೊಡದೆ ಏನು ಮಾಡುತ್ತಾನೆ? ನಾಲ್ಕು ವರ್ಷ ಕೊಟ್ಟಿಗೆಯಲ್ಲಿ ನಕ್ಕವನಿಗೆ ಈಗ ಬಾಯಿ ಎಲ್ಲಿಂದ ಬರಬೇಕು? ಅಜ್ಜಿ ಅರಿಶಿನದ ಕೈಯಲ್ಲೇ ಬೀಗದ ಕೈಯನ್ನು ನನ್ನ ಅಂಗೈಗೆ ಒತ್ತಿದಳು. "ಬೀಳ್ತೀಯ. ಬಿದ್ರೆ ಎದ್ದೇಳು. ಕೆಲ್ಸ ಮಾತ್ರ ಬುಡ್ಬ್ಯಾಡ ಕಣಮ್ಮಿ."

ಅವಳಿಗೆ ಮೊದಲೇ ಗೊತ್ತಿತ್ತೋ, ಆ ಗಳಿಗೆಯಲ್ಲಿ ಗೊತ್ತಾಯಿತೋ, ಕೊನೆಯವರೆಗೂ ಗೊತ್ತೇ ಆಗಲಿಲ್ಲವೋ, ನಾನು ಕೇಳಲಿಲ್ಲ. ಕೇಳಿ ಆಗಬೇಕಾದದ್ದೇನೂ ಇರಲಿಲ್ಲ.

ಮೂರು ದಿನ ನಮ್ಮ ಕಣದಲ್ಲಿ ಕಲಿತೆ. ಅಪ್ಪನ ಮಂಚವನ್ನು ಹೊಂಗೆ ಮರದಡಿ ತಂದು ಹಾಕಿದ್ದೆವು. ಅಲ್ಲಿಂದಲೇ ಕೂಗುತ್ತಿದ್ದ. "ಕ್ಲಚ್ ಹಿಡಿ! ಮ್ಯಾಕೆ ತಿರುಗ್ಸು, ಅದು ಫಸ್ಟು! ಮೆಲ್ಲಗ್ ಬುಡು ಅಂದ್ರೆ ಕ್ವಾಣದ್ ಹಗ್ಗ ಬುಟ್ಟಂಗ್ ಬುಡ್ತೀಯಲ್ಲಮ್ಮಿ!" ಎಡಗೈಯಲ್ಲೇ ಕ್ಲಚ್ಚು, ಎಡಗೈಯಲ್ಲೇ ಗೇರು. ಒಂದು ಸಲ ನೆಟ್ಟಗೆ ತಿಪ್ಪೆಗೆ ನುಗ್ಗಿದೆ. ಎರಡು ಸಲ ಬೇಲಿಗೆ. ಆದರೆ ಸೀರೆಯ ನೆರಿಗೆ ಎಲ್ಲೂ ಸಿಕ್ಕಿಕೊಳ್ಳಲಿಲ್ಲ, ಎಲ್ಲೂ ಎಣ್ಣೆ ಮೆತ್ತಲಿಲ್ಲ. ಅದನ್ನು ಮಾತ್ರ ಅವತ್ತೇ ಗಮನಿಸಿದೆ. ಲೈಸೆನ್ಸು ಬಂದದ್ದು ಆಮೇಲೆ. ಹೇಳಿಕೊಳ್ಳುವಂಥದ್ದಲ್ಲ, ಆದರೆ ನಿಜ.

ಸೋಮವಾರ ಬೆಳಕು ಹರಿಯುವ ಹೊತ್ತಿಗೆ ಅಂಗಳಕ್ಕೆ ಬಂದರೆ ಚಿಕ್ಕಪ್ಪ ಕುಕ್ಕರಗಾಲಲ್ಲಿ ಕೂತು ಚಕ್ರದ ಗಾಳಿ ಒತ್ತಿ ನೋಡುತ್ತಿದ್ದ. ನನ್ನ ಕಡೆ ತಿರುಗಲಿಲ್ಲ. "ಗಾಳಿ ಸರ್ಯಾಗೈತೆ" ಅಂತ ಸ್ಕೂಟರಿಗೆ ಹೇಳಿ ತೋಟಕ್ಕೆ ಹೋದ. ಆಮೇಲೂ ದಿನಾ ಹಾಗೇ ನೋಡುತ್ತಿದ್ದ. ಅವನಿಗೂ ನಾನು ಋಣಿಯೇ.

ಒಂದು ವಾರ ಚೆನ್ನಾಗಿ ನಡೆಯಿತು. ಎರಡನೇ ವಾರ ನಾನೇ ಎಡವಟ್ಟು ಮಾಡಿದೆ. ಆ ಸ್ಕೂಟರಿಗೆ ಪೆಟ್ರೋಲಿನ ಜೊತೆ ಅಳತೆ ನೋಡಿ ಎಣ್ಣೆ ಬೆರೆಸಬೇಕು. ತಲೆಗಾದರೂ ಎಣ್ಣೆ ಜಾಸ್ತಿ ಹಚ್ಚಿದಷ್ಟು ತಂಪಲ್ಲವೇ ಅಂತ, ಪಾಪ ದುಡಿಯುವ ಜೀವ ಅಂತ, ಎರಡರಷ್ಟು ಸುರಿದುಬಿಟ್ಟೆ. ಮರುದಿನ ಬೆಳಿಗ್ಗೆ ಅರ್ಧ ದಾರಿಯಲ್ಲಿ, ಕೆರೆ ಏರಿಯ ಮೇಲೆ, ಹೊಗೆ ಕಾರಿ ಕೆಮ್ಮಿ ನಿಂತಿತು. ಕಿಕ್ ಹೊಡೆದೆ. ಇಲ್ಲ. ಅಪ್ಪ ಮಾಡುತ್ತಿದ್ದ ಹಾಗೆ ಪಕ್ಕಕ್ಕೆ ವಾಲಿಸಿ ಹೊಡೆದೆ. ಊಹೂಂ. ಗಂಟೆ ಐದೂ ಮುಕ್ಕಾಲು.

ಏರಿಯ ಮೇಲೆ ಕೂತು ಸ್ವಲ್ಪ ಹೊತ್ತು ಅತ್ತೆ. ಅತ್ತು ಮುಗಿದ ಮೇಲೆ ನನ್ನ ಮೇಲೇ ಸಿಟ್ಟು ಬಂತು. ಇರುವೆ ಕಾಲಿನಂಥ ಮೊಳೆ ಕೂರಿಸುವವಳು ನೀನು, ಹೆಬ್ಬೆರಳಿನಷ್ಟು ಪ್ಲಗ್ಗು ಬಿಚ್ಚಲು ಬರುವುದಿಲ್ಲವೇ ಅಂತ ಬೈದುಕೊಂಡೆ. ಪಕ್ಕದ ತಗಡು ತೆಗೆದು, ಸ್ಪ್ಯಾನರ್ ಹಾಕಿ ಪ್ಲಗ್ಗು ತಿರುಗಿಸಿದೆ. ಮಸಿ, ಎಣ್ಣೆ ಕಚ್ಚಿ ಕರ್ರಗಿತ್ತು. ಒರೆಸಿ, ಉಪ್ಪುಕಾಗದದಲ್ಲಿ ತಿಕ್ಕಿ, ತುದಿಯ ಸಂದು ನೋಡಿ ಕೂರಿಸಿದೆ. ಇಂಜಿನ್ನು ಗುಂಯ್ ಅಂದಾಗ ನಾನೂ ಕೂಗಿಕೊಂಡೆ. ಕೆರೆಯ ಕೊಕ್ಕರೆಗಳು ಹಾರಿಹೋದವು.

ಸೂಳಗಿರಿಗೆ ಬಂದರೆ ಬಸ್ಸು ಹೋಗಿಯಾಗಿತ್ತು. ಹಿಂದಕ್ಕೆ ಹೋಗುವ ಮನಸ್ಸಾಗಲಿಲ್ಲ. ಹಾಗೇ ದೊಡ್ಡ ರಸ್ತೆಗೆ ತಿರುಗಿಸಿದೆ. ಲಾರಿಗಳು ಪಕ್ಕದಲ್ಲಿ ಹೋದಾಗ ಗಾಡಿಯೇ ಒಂದು ಮಾರು ಸರಿಯುತ್ತಿತ್ತು. ನನಗೆ ಗೊತ್ತಿದ್ದ ದೇವರ ಹೆಸರೆಲ್ಲ ಒಂದೇ ಉಸಿರಿನಲ್ಲಿ ಹೇಳಿದೆ, ಗೊತ್ತಿಲ್ಲದ ಇಟಲಿಯ ದೇವರನ್ನೂ ಸೇರಿಸಿದೆ. ಫ್ಯಾಕ್ಟರಿಯ ಗೇಟಿನಲ್ಲಿ ಕಾರ್ಡು ಒತ್ತಿದಾಗ ಏಳಕ್ಕೆ ಎರಡು ನಿಮಿಷ ಇತ್ತು. ಕೈಯೆಲ್ಲ ಮಸಿ. ಮೇಲ್ವಿಚಾರಕಿ ನೋಡಿ ಸೋಪು ಕೊಟ್ಟರು.

ಮುಂದಿನ ತಿಂಗಳು ಕೆಲಸ ಖಾಯಂ ಆಯಿತು. ಅಪ್ಪ ಕೋಲು ಹಿಡಿದು ನಡೆದಾಡತೊಡಗಿದ್ದ. ಪತ್ರವನ್ನು ಅವನೇ ಜೋರಾಗಿ ಓದಿದ, ತಮಿಳಿನಲ್ಲೊಮ್ಮೆ, ಕನ್ನಡದಲ್ಲೊಮ್ಮೆ. ರಾಯಕೋಟೆ ಮಾತು ಮತ್ತೆ ಯಾರೂ ಎತ್ತಲಿಲ್ಲ. ನಾನು ಅಜ್ಜಿಯ ಕಾಲಿಗೆ ಬಿದ್ದು, ನಿಂಗೆ ಏನ್ ಬೇಕು ಹೇಳಜ್ಜಿ ಅಂದೆ. ಸೀರೆ ಕೇಳುತ್ತಾಳೆ ಅಂದುಕೊಂಡಿದ್ದೆ.

"ನಮ್ಮಕ್ಕನ್ ನೋಡ್ಬೇಕು ಕಣಮ್ಮಿ" ಅಂದಳು.

ಅಜ್ಜಿಯ ತವರು ಗಡಿಯಾಚೆ, ಮಾಲೂರು ಕಡೆಯ ಹಳ್ಳಿ. ಅಕ್ಕ ಇನ್ನೂ ಅಲ್ಲೇ ಇದ್ದಳು. ಅಜ್ಜಿ ಹೋಗಿ ಎಂಟು ವರ್ಷವಾಗಿತ್ತು. ದೂರವೇನೂ ಇರಲಿಲ್ಲ, ಕರೆದುಕೊಂಡು ಹೋಗುವವರು ಇರಲಿಲ್ಲ. ಅಪ್ಪನಿಗೆ ಪಾಳಿ, ಚಿಕ್ಕಪ್ಪನಿಗೆ ಬೆಳೆ. ತವರಿಗೆ ಹೋಗುವ ಹೆಂಗಸನ್ನು ಒಬ್ಬ ಗಂಡಸು ಕರೆದುಕೊಂಡು ಹೋಗಬೇಕು, ಅದೂ ಒಂದು ಪದ್ಧತಿಯೇ. ಆ ಎಂಟು ವರ್ಷದಲ್ಲಿ ಅವಳು ಒಂದು ಸಲವೂ ಬಾಯಿಬಿಟ್ಟು ಕೇಳಿರಲಿಲ್ಲ, ನಮ್ಮಲ್ಲಿ ಯಾರಿಗೂ ಹೊಳೆದಿರಲಿಲ್ಲ. ನನಗೂ.

ಭಾನುವಾರ ಹೊರಟೆವು. ಅಜ್ಜಿ ಒಂದು ಪಕ್ಕಕ್ಕೆ ಕೂತು ನನ್ನ ಸೊಂಟವನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದಿದ್ದಳು. ಬೇರಿಕೆ ದಾಟುವವರೆಗೆ "ಮೆಲ್ಲಗೆ, ಮೆಲ್ಲಗೆ" ಅಂದಳು. ಗಡಿ ದಾಟಿದ ಮೇಲೆ, "ಇದು ಇಷ್ಟೇ ಓಡಾದಾ?" ಅಂತ ಕೇಳಿದಳು.

ಅವಳ ಅಕ್ಕ ಜಗಲಿಯ ಮೇಲೆ ಅವರೆಕಾಯಿ ಬಿಡಿಸುತ್ತ ಕೂತಿದ್ದಳು. ಮೊದಲು ಗುರುತು ಹತ್ತಲಿಲ್ಲ. ಹತ್ತಿದ ಮೇಲೆ ಮೊರವನ್ನು ಅಲ್ಲೇ ಬಿಟ್ಟು ಎದ್ದು ಬಂದಳು. ಇಬ್ಬರೂ ಒಬ್ಬರ ಮುಖ ಒಬ್ಬರು ಸವರಿಕೊಂಡು ಅತ್ತರು. ಆಮೇಲೆ ಅಕ್ಕ ಕಣ್ಣೊರೆಸಿಕೊಂಡು, ನಮ್ಮಿಬ್ಬರನ್ನೂ ದಾಟಿ ಹಿಂದಿನ ದಾರಿಯನ್ನು ನೋಡುತ್ತ, "ಯಾರ್ ಕರ್ಕೊಂಡ್ ಬಂದ್ರು? ಎಲ್ಲವ್ರೆ?" ಅಂದಳು.

"ಅಲ್ಲೇನ್ ನೋಡ್ತೀಯಕ್ಕ, ಯಾರೂ ಇಲ್ಲ" ಅಂದಳು ಅಜ್ಜಿ. "ನಾವೇ ಬಂದ್ವಿ."